ಹಳೇ ಅಪಾರ್ಟ್‌ಮೆಂಟ್, ಕೈಯಲ್ಲಿ ಕಡಿಮೆ ದುಡ್ಡು: ನೀರಿನ ಮೀಟರ್ ಮೊದಲೋ, ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ ಮೊದಲೋ?

ಹೊರಮಾವು_ಖಜಾಂಚಿ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಹೊರಮಾವು ಕಡೆ ಒಂದು ಹಳೇ ಅಪಾರ್ಟ್‌ಮೆಂಟಿನ ಖಜಾಂಚಿ ನಾನು. 80 ಮನೆ, ಹೆಚ್ಚುಕಡಿಮೆ 300 ಜನ. ಭಾನುವಾರ ಜನರಲ್ ಬಾಡಿ ಮೀಟಿಂಗ್ ಇದೆ. ಅದಕ್ಕೆ ಮುಂಚೆ ಈ ಕೆಲಸ ಕಣ್ಣಾರೆ ಕಂಡವರ ಮಾತು ಕೇಳಬೇಕು ಅನ್ನಿಸಿ ಬರೀತಿದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮಲ್ಲಿ ಎರಡು ಬೋರ್‌ವೆಲ್ ಇದ್ದವು. 2024ರ ಬೇಸಿಗೆಯಲ್ಲಿ ಒಂದು ಬತ್ತಿಹೋಯಿತು. ಇನ್ನೊಂದರಲ್ಲಿ ಒಂದೆರಡು ಗಂಟೆ ಮೋಟರ್ ಓಡಿದರೆ ನೀರಿನ ಜೊತೆ ಗಾಳಿ ಬರೋಕೆ ಶುರು. ಆ ಬೇಸಿಗೆ ನಿಮಗೆಲ್ಲ ನೆನಪಿರುತ್ತೆ. ನಗರದ 13,900 ಬೋರ್‌ವೆಲ್‌ಗಳಲ್ಲಿ 6,900 ಕೆಲಸ ಮಾಡ್ತಿಲ್ಲ ಅಂತ ಉಪಮುಖ್ಯಮಂತ್ರಿಗಳೇ ಹೇಳಿದ್ದರು. ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತು, 5 ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ. ನಾವು ಕೊಟ್ಟಿದ್ದು ಅದರ ಎರಡರಷ್ಟು, ರಸೀದಿಯೂ ಇಲ್ಲದೆ. ಲೆಕ್ಕದ ಪುಸ್ತಕದಲ್ಲಿ ಆ ಸಾಲು ಬರೆಯುವಾಗ ಹೊಟ್ಟೆ ಉರೀತಿತ್ತು.

ಈಗ ಒಂದು ಕಂಪನಿಯವರು ಕೊಟೇಶನ್ ಕೊಟ್ಟಿದ್ದಾರೆ. ಪ್ರತಿ ಮನೆಗೂ ಸ್ಮಾರ್ಟ್ ಮೀಟರ್, ಸಂಪ್ ಮತ್ತು ಓವರ್‌ಹೆಡ್ ಟ್ಯಾಂಕಿಗೆ ಮಟ್ಟದ ಸೆನ್ಸರ್, ಎಸ್‌ಟಿಪಿಗೆ ಆನ್‌ಲೈನ್ ಮಾನಿಟರ್, ಇದನ್ನೆಲ್ಲ ನೋಡೋಕೆ ಒಂದು ಆ್ಯಪ್. ನಮ್ಮ ಸಿಂಕಿಂಗ್ ಫಂಡ್ (ದೊಡ್ಡ ರಿಪೇರಿಗೆ ಅಂತ ಕೂಡಿಟ್ಟ ದುಡ್ಡು) ಪೂರ್ತಿ ಸುರಿದರೂ ಅಷ್ಟು ದುಡ್ಡು ಆಗಲ್ಲ. ಅರ್ಧ ತಗೊಳ್ಳಬಹುದು. ಯಾವ ಅರ್ಧ ಅನ್ನೋದೇ ಪ್ರಶ್ನೆ.

ಕಮಿಟಿಯಲ್ಲಿ ಕೆಲವರು ಏನೂ ಬೇಡ ಅಂತಾರೆ. ಕಾವೇರಿ ಐದನೇ ಹಂತ ಬಂತಲ್ಲ, ನಗರಕ್ಕೆ ಸೇರಿಸಿದ 110 ಹಳ್ಳಿಗೂ ನೀರು ಬರುತ್ತಲ್ಲ, ಇನ್ಯಾಕೆ ಅಂತ. ನನಗೆ ಈ ಮಾತು ಒಪ್ಪಿಗೆಯಿಲ್ಲ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಆ ಹಂತ ತರುವುದು ದಿನಕ್ಕೆ 77.5 ಕೋಟಿ ಲೀಟರ್, ನಿಜ. ಆದರೆ ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬರಬೇಕು, ನಡುವೆ ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಪಂಪ್ ಮಾಡಿ ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. ಅಷ್ಟು ಕರೆಂಟ್ ಸುಟ್ಟು ತಂದ ನೀರನ್ನ ಕಮೋಡಿಗೆ ಸುರಿಯೋದು ನನ್ನಿಂದ ನೋಡೋಕಾಗಲ್ಲ. ಮಂಡ್ಯದ ರೈತ ತನ್ನ ಗದ್ದೆಗೆ ನೀರು ಬಿಡಿ ಅಂತ ಪ್ರತಿ ಸಲ ರಸ್ತೆಗೆ ಇಳೀಬೇಕು, ನಾವು ಅದೇ ನದಿಯ ನೀರಲ್ಲಿ ಫ್ಲಶ್ ಮಾಡಬೇಕಾ?

ನಮ್ಮ ಬಿಲ್ಡಿಂಗಿನಲ್ಲಿ ಆಗ್ತಿರೋದೂ ಅದೇ. ಎಸ್‌ಟಿಪಿ ಇದೆ, ಫ್ಲಶ್‌ಗೆ ಬೇರೆ ಪೈಪೂ ಇದೆ. ಆದರೆ ಸಂಸ್ಕರಿಸಿದ ನೀರು ಹಳದಿ ಬಣ್ಣ, ಕೆಟ್ಟ ವಾಸನೆ. ದೂರು ಜಾಸ್ತಿಯಾಗಿ ಹಿಂದಿನ ಕಮಿಟಿ ಟೆರೇಸಿನಲ್ಲಿ ಬೈಪಾಸ್ ವಾಲ್ವ್ ತೆರೆಸಿಬಿಟ್ಟಿತು. ಅವತ್ತಿಂದ ಒಳ್ಳೇ ನೀರೇ ಫ್ಲಶ್‌ಗೆ ಹೋಗ್ತಿದೆ.

ಇನ್ನೆರಡು ವಿಷಯ ನನ್ನ ಮನಸ್ಸನ್ನ ಕೊರೀತಿವೆ. ನೆಲಮಹಡಿಯಲ್ಲಿ ಒಬ್ಬ ಅಜ್ಜಿ ಒಂಟಿಯಾಗಿದ್ದಾರೆ. ಎರಡು ಮೂರು ಬಕೆಟ್ ನೀರಲ್ಲಿ ದಿನ ಮುಗಿಸ್ತಾರೆ, ಅಕ್ಕಿ ತೊಳೆದ ನೀರನ್ನೂ ತುಳಸಿ ಗಿಡಕ್ಕೇ ಹಾಕ್ತಾರೆ. ನಮ್ಮಲ್ಲಿ ನೀರಿನ ಖರ್ಚು ಚದರಡಿ ಲೆಕ್ಕ, ಹಾಗಾಗಿ ಬಾತ್‌ಟಬ್ ಇರೋ ಮನೆಯವರು ಕೊಟ್ಟಷ್ಟೇ ಅಜ್ಜಿಯೂ ಕೊಡ್ತಾರೆ. ಇನ್ನೊಂದು, ಕಾಂಪೌಂಡ್ ಹಿಂದೆ ಒಂದು ವಠಾರ ಇದೆ. ನಮ್ಮ ಮನೆಗಳಲ್ಲಿ ಕೆಲಸ ಮಾಡೋ ಹೆಣ್ಣುಮಕ್ಕಳು, ಸೆಕ್ಯುರಿಟಿಯವರು ಅಲ್ಲೇ ಇರೋದು. ಅವರದ್ದು ಆಳ ಇಲ್ಲದ ಹಳೇ ಬೋರು. ನಮ್ಮ ಮೋಟರ್ ಜಾಸ್ತಿ ಹೊತ್ತು ಓಡಿದ ದಿನ ಅವರ ನಲ್ಲಿಯಲ್ಲಿ ಕೆಸರು ಬರುತ್ತೆ ಅಂತ ನಮ್ಮನೆಗೆ ಬರೋ ಹುಡುಗಿಯೇ ಹೇಳಿದಳು. ಬೈದು ಹೇಳಲಿಲ್ಲ, ಪಾತ್ರೆ ತೊಳೀತಾ ಸಹಜವಾಗಿ ಹೇಳಿದಳು. ಅವತ್ತಿಂದ ಆ ಮೋಟರ್ ಸದ್ದು ಕೇಳಿದರೆ ಕೂತಲ್ಲಿ ಕೂರೋಕಾಗಲ್ಲ.

ಇದರಲ್ಲಿ ತಂತ್ರಜ್ಞಾನದಿಂದ ನಿಜಕ್ಕೂ ಸರಿಹೋಗೋದು ಯಾವುದು? ಮೊದಲ ದುಡ್ಡು ಎಲ್ಲಿ ಹಾಕಲಿ?

ಸರ್ಜಾಪುರ_ಮಾಜಿ_ಕಾರ್ಯದರ್ಶಿ:

ಮೇಡಂ, ನಮ್ಮ ಬಿಲ್ಡಿಂಗಿನಲ್ಲಿ ಮೀಟರ್ ಹಾಕಿಸುವ ಕೆಲಸ ನನ್ನ ಅವಧಿಯಲ್ಲೇ ಆಯಿತು. ನೇರವಾಗಿ ಹೇಳ್ತೀನಿ: ಮನೆಮನೆಗೆ ಮೀಟರ್ ಬೇಕೇ ಬೇಕು, ಆದರೆ ಮೊದಲ ಕಂತಿನ ದುಡ್ಡು ಅದಕ್ಕಲ್ಲ.

ಹಳೇ ಕಟ್ಟಡಗಳಲ್ಲಿ ಒಂದು ಮನೆಗೆ ಒಂದೇ ಪೈಪ್ ಬರಲ್ಲ. ಅಡುಗೆಮನೆಗೆ ಒಂದು ಡಕ್ಟ್ (ಪೈಪುಗಳು ಇಳಿಯುವ ಕಿಂಡಿ), ಒಂದೊಂದು ಬಾತ್‌ರೂಮಿಗೆ ಒಂದೊಂದು ಡಕ್ಟ್. ಮೂರು ಬಾತ್‌ರೂಮಿನ ಮನೆಗೆ ನಾಲ್ಕು ಮೀಟರ್ ಬೇಕಾಗುತ್ತೆ. ಕೊಟೇಶನ್ ಸರಿಯಾಗಿ ನೋಡಿ, 80 ಮೀಟರ್ ಅಂತ ಬರೆದಿದ್ದರೆ ಆಮೇಲೆ ಅದು ಮುನ್ನೂರರ ಹತ್ತಿರ ಹೋಗುತ್ತೆ. ಡಕ್ಟ್ ಒಳಗೆ ಪ್ಲಂಬರ್ ಕೈ ಹೋಗುತ್ತಾ, ಹಳೇ ಜಿಐ (ಕಬ್ಬಿಣದ) ಪೈಪಿಗೆ ಥ್ರೆಡ್ ಕೊರೆದರೆ ತುಂಡಾಗುತ್ತಾ, ಇದನ್ನೆಲ್ಲ ಒಂದು ಲೈನಿನಲ್ಲಿ ಮಾಡಿಸಿ ನೋಡಿದ ಮೇಲೇ ಒಪ್ಪಂದಕ್ಕೆ ಸಹಿ ಹಾಕಿ.

ಮೀಟರ್ ಜಾತಿಯೂ ಮುಖ್ಯ. ಒಳಗೆ ಚಕ್ರ ತಿರುಗುವ ಮೀಟರ್ ಅಗ್ಗ. ಆದರೆ ಬೋರ್‌ವೆಲ್ ನೀರಿನ ಸುಣ್ಣ, ಮರಳು ಕೂತು ಚಕ್ರ ಬಿಗಿಯುತ್ತೆ. ಟ್ಯಾಂಕ್ ಖಾಲಿಯಾಗಿ ಮತ್ತೆ ನೀರು ಬಿಟ್ಟಾಗ ಪೈಪಿನೊಳಗಿನ ಗಾಳಿಯೇ ಚಕ್ರ ತಿರುಗಿಸಿಬಿಡುತ್ತೆ. ನಮ್ಮಲ್ಲಿ ಮೇಲಿನ ಮಹಡಿಯವರು ಊರಿಗೆ ಹೋಗಿದ್ದಾಗಲೂ ಬಿಲ್ ಬಂದು ದೊಡ್ಡ ಜಗಳ ಆಯಿತು, ಕಾರಣ ಹುಡುಕಿದರೆ ಗಾಳಿ. ಶಬ್ದದ ಅಲೆಯಿಂದ ಅಳೆಯುವ ಅಲ್ಟ್ರಾಸಾನಿಕ್ ಮೀಟರಿನಲ್ಲಿ ತಿರುಗುವ ಭಾಗವೇ ಇಲ್ಲ. ಬೆಲೆ ಜಾಸ್ತಿ, ಆದರೆ ನಮ್ಮ ಗಡಸು ನೀರಿಗೆ ಅದೇ ಸರಿ.

ಈಗ ಮೊದಲು ಮಾಡಬೇಕಾದ್ದು. ಬೋರ್‌ವೆಲ್, ಕಾವೇರಿ, ಟ್ಯಾಂಕರ್, ಈ ಮೂರೂ ಸಂಪಿಗೆ ಬೀಳುವ ಕಡೆ ಒಂದೊಂದು ದೊಡ್ಡ ಮೀಟರ್. ಟೆರೇಸಿನ ಟ್ಯಾಂಕಿನಿಂದ ಇಳಿಯುವ ಪ್ರತಿ ಮುಖ್ಯ ಪೈಪಿಗೆ ಒಂದು. ಹತ್ತಕ್ಕಿಂತ ಕಡಿಮೆ ಮೀಟರ್‌ಗಳಲ್ಲಿ ಕೆಲಸ ಮುಗಿಯುತ್ತೆ. ಆಮೇಲೆ ರಾತ್ರಿ 2ರಿಂದ 4 ಗಂಟೆವರೆಗಿನ ಓಟ ನೋಡಿ. ಆ ಹೊತ್ತಲ್ಲಿ ಯಾರೂ ಸ್ನಾನ ಮಾಡಲ್ಲ, ಬಟ್ಟೆ ಒಗೆಯಲ್ಲ. ಆದರೂ ಮೀಟರ್ ನಿಲ್ಲದೆ ಓಡ್ತಿದ್ದರೆ ಅದು ಸೋರಿಕೆ. ನಮ್ಮ ಸೋರಿಕೆ ಹೆಚ್ಚಿನದು ಫ್ಲಶ್ ಟ್ಯಾಂಕಿನ ವಾಷರ್‌ನಲ್ಲೇ ಸಿಕ್ಕಿತು. ಅದನ್ನ ಹಿಡಿಯೋಕೆ ಆ್ಯಪ್ ಬೇಡ. ಕೇಸರಿಬಾತಿಗೆ ಹಾಕುವ ಬಣ್ಣ ಒಂದು ಚಿಟಿಕೆ ಫ್ಲಶ್ ಟ್ಯಾಂಕಿಗೆ ಹಾಕಿ, ಕಾಲು ಗಂಟೆ ಯಾರೂ ಫ್ಲಶ್ ಮಾಡದಂತೆ ಬಿಡಿ. ಕಮೋಡಿನಲ್ಲಿ ಬಣ್ಣ ಇಳಿದಿದ್ದರೆ ವಾಷರ್ ಹೋಗಿದೆ. ನಮ್ಮ ಮಕ್ಕಳು ಗುಂಪು ಕಟ್ಟಿಕೊಂಡು ಮನೆಮನೆಗೆ ಹೋಗಿ ಇದನ್ನ ಮಾಡಿದರು.

2024ರಲ್ಲಿ ಜಲಮಂಡಳಿ ಕಡ್ಡಾಯ ಮಾಡಿದ ಏರಿಯೇಟರ್ ಎಲ್ಲ ನಲ್ಲಿಗೂ ಹಾಕಿಸಿದ್ದೀರಾ? ಇಲ್ಲದಿದ್ದರೆ ಇವತ್ತೇ ಹಾಕಿಸಿ. ನಲ್ಲಿ ಬಾಯಿಗೆ ತಿರುಗಿಸಿ ಕೂರಿಸುವ ಆ ಸಣ್ಣ ಜಾಲರಿಯಷ್ಟು ಕಡಿಮೆ ಬೆಲೆಗೆ ನೀರು ಉಳಿಸುವ ವಸ್ತು ಬೇರೆ ಇಲ್ಲ.

ಅಜ್ಜಿಯ ವಿಷಯದಲ್ಲಿ ನಿಮ್ಮ ಜೊತೆ ನಾನಿದ್ದೀನಿ. ಮನೆವಾರು ಮೀಟರ್ ಬಂದ ದಿನ ಚದರಡಿ ಲೆಕ್ಕ ಬಿಟ್ಟು ಹಂತದ ದರ (ಬಳಕೆ ಜಾಸ್ತಿಯಾದಷ್ಟೂ ಹೆಚ್ಚು ದರ) ತನ್ನಿ, ಜಲಮಂಡಳಿಯೂ ಹಾಗೇ ತಾನೆ ಬಿಲ್ ಮಾಡೋದು. ಅಲ್ಲಿವರೆಗೆ ತಲೆ ಲೆಕ್ಕದಲ್ಲಿ ಹಂಚಿ, ಇದಕ್ಕೆ ಯಾವ ಯಂತ್ರವೂ ಬೇಡ, ಮೀಟಿಂಗಲ್ಲಿ ಒಂದು ನಿರ್ಣಯ ಸಾಕು.

ಇನ್ನೊಂದು ಎಚ್ಚರಿಕೆ. ಮನೆವಾರು ಮೀಟರಿನ ಆ್ಯಪ್ ನೋಡಿದರೆ ಯಾವ ಮನೆ ಖಾಲಿ ಇದೆ, ಯಾರು ಎಷ್ಟು ಹೊತ್ತಿಗೆ ಏಳ್ತಾರೆ, ಎಲ್ಲ ಗೊತ್ತಾಗುತ್ತೆ. ಆ ಅಜ್ಜಿ ಊರಿಗೆ ಹೋದದ್ದು ಯಾರಿಗೆಲ್ಲ ಗೊತ್ತಾಗಬೇಕು? ಗಂಟೆ ಗಂಟೆಯ ಲೆಕ್ಕ ಆಯಾ ಮನೆಯವರಿಗೆ ಮಾತ್ರ, ಕಮಿಟಿಗೆ ತಿಂಗಳ ಮೊತ್ತ ಮಾತ್ರ. ಇದು ಒಪ್ಪಂದದಲ್ಲಿ ಬರೆದಿರಲೇಬೇಕು.

ಕೋಲಾರದ_ಎಸ್‌ಟಿಪಿ_ಮೇಲ್ವಿಚಾರಕ:

ಮೇಡಂ, ನಾನು ಎಸ್‌ಟಿಪಿ ನೋಡ್ಕೊಳ್ಳೋ ಕೆಲಸದಲ್ಲೇ ಇರೋನು. ಆಪರೇಟರ್ ಆಗಿ ಸೇರಿ ಈಗ ಕೆಲವು ಬಿಲ್ಡಿಂಗ್‌ಗಳ ಮೇಲ್ವಿಚಾರಣೆ ನನ್ನದು. ನಿಮ್ಮ ಬೈಪಾಸ್ ವಾಲ್ವ್ ಮಾತು ಓದಿ ಸುಮ್ಮನಿರೋಕಾಗಲಿಲ್ಲ.

ಮೊದಲು ಲೆಕ್ಕ. ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಕಟ್ಟಡಗಳಿಗೆ ಲೆಕ್ಕ ಹಿಡೀತಾರೆ. ಅದರಲ್ಲಿ 45 ಲೀಟರ್ ಫ್ಲಶ್‌ಗೆ. ನಿಮ್ಮ 300 ಜನಕ್ಕೆ 13,500 ಲೀಟರ್ ಆಯ್ತು. ಅಂದ್ರೆ ಒಂದು ದೊಡ್ಡ ಟ್ಯಾಂಕರ್‌ಗಿಂತ ಜಾಸ್ತಿ ನೀರು ದಿನಾ ಕಮೋಡಿನಲ್ಲಿ ಹೋಗ್ತಿದೆ. ಎಸ್‌ಟಿಪಿ ಸರಿ ಮಾಡಿ ಆ ವಾಲ್ವ್ ಮುಚ್ಚಿದರೆ ದಿನಕ್ಕೊಂದು ಟ್ಯಾಂಕರ್ ಉಳೀತು. 80 ಮನೆಗೆ ಮೀಟರ್ ಹಾಕಿ ಇಷ್ಟು ನೀರು ಉಳಿಸೋಕೆ ವರ್ಷಗಟ್ಟಲೆ ಜಗಳ ಆಡಬೇಕು.

ಹಳದಿ ಬಣ್ಣ, ವಾಸನೆಗೆ ಕಾರಣ ಹೇಳ್ತೀನಿ, ತಪ್ಪು ತಿಳೀಬೇಡಿ. ನಿಮ್ಮಲ್ಲಿ ರಾತ್ರಿ ಟ್ಯಾಂಕಿಗೆ ಗಾಳಿ ಊದೋ ಬ್ಲೋವರ್ ಆಫ್ ಮಾಡ್ತಾರಾ ಕೇಳಿ. ನೂರಕ್ಕೆ ನೂರು ಅಲ್ಲದಿದ್ದರೂ ಬಹಳ ಕಡೆ ಕರೆಂಟ್ ಬಿಲ್ ಉಳಿಸೋಕೆ ಮಾಡ್ತಾರೆ. ಎಸ್‌ಟಿಪಿ ಅಂದ್ರೆ ಜೀವ ಇರೋ ಜಾಗ. ಗಾಳಿ ಟ್ಯಾಂಕಿನಲ್ಲಿರೋ ಬ್ಯಾಕ್ಟೀರಿಯಾ ಕೊಳಕನ್ನ ತಿನ್ನೋದು ಆಮ್ಲಜನಕ ಇದ್ದಾಗ. ನೀರಿನಲ್ಲಿ ಲೀಟರಿಗೆ ಸುಮಾರು 2 ಮಿಲಿಗ್ರಾಂ ಆಮ್ಲಜನಕ ಕರಗಿರಬೇಕು. ಹಲವು ಗಂಟೆ ಗಾಳಿ ನಿಂತರೆ ಅವು ಸೊರಗ್ತವೆ, ನೀರು ಕೊಳೀತದೆ. ಬೆಳಿಗ್ಗೆ ಮತ್ತೆ ಆನ್ ಮಾಡಿದರೆ ನಿಮ್ಮ ಬೇಸ್‌ಮೆಂಟ್ ಪೂರ್ತಿ ವಾಸನೆ.

ಕಂಪನಿಯವರ ಆನ್‌ಲೈನ್ ಮಾನಿಟರ್‌ಗೆ ಮುಂಚೆ ಒಂದು ಲೀಟರಿನ ಗಾಜಿನ ಸಿಲಿಂಡರ್ ತಗೊಳ್ಳಿ, ಮಿಲಿಲೀಟರ್ ಗೆರೆ ಇರೋದು. ಗಾಳಿ ಟ್ಯಾಂಕಿನ ನೀರನ್ನ ಒಂದು ಲೀಟರ್ ತುಂಬಿ, ಅಲ್ಲಾಡದ ಕಡೆ ಇಟ್ಟು 30 ನಿಮಿಷ ಬಿಡಿ. ಆರೋಗ್ಯವಾಗಿರೋ ಟ್ಯಾಂಕಿನ ನೀರಾದರೆ ಕಂದು ಬಣ್ಣದ ಕೆಸರು ಹತ್ತಿ ಬಿಡಿಸಿದ ಹಾಗೆ ಉಂಡೆ ಉಂಡೆಯಾಗಿ ನಿಧಾನಕ್ಕೆ ಕೆಳಗಿಳೀತದೆ, 300, 400ರ ಗೆರೆ ಹತ್ತಿರ ಕೂರ್ತದೆ, ಮೇಲಿನ ನೀರು ತಿಳಿಯಾಗಿರ್ತದೆ. ಮೂಸಿದರೆ ಮಳೆ ಬಿದ್ದ ಮಣ್ಣಿನ ವಾಸನೆ. ಕೆಸರು ಕೂರದೆ 700, 800ರಲ್ಲೇ ನಿಂತರೆ ಏನೋ ಕೆಟ್ಟಿದೆ. ಕಪ್ಪಾಗಿದ್ದು ಕೊಳೆತ ಮೊಟ್ಟೆ ನಾತ ಬಂದರೆ ಗಾಳಿ ಸಾಲದು. ನಾನು ಯಾವ ಬಿಲ್ಡಿಂಗಿಗೆ ಹೋದರೂ ಕಂಪ್ಯೂಟರ್ ಪರದೆ ನೋಡೋದು ಆಮೇಲೆ, ಮೊದಲು ಈ ಸಿಲಿಂಡರ್ ತರಿಸ್ತೀನಿ. ದಿನಾ ಒಂದೇ ಹೊತ್ತಿಗೆ ಅದರ ಫೋಟೋ ತೆಗೆದು ಗ್ರೂಪಿಗೆ ಹಾಕಿಸಿ. ವಾರದಲ್ಲಿ ನಿಮ್ಮ ಕಣ್ಣೇ ಪಳಗುತ್ತದೆ.

ಅದಾದಮೇಲೆ ಒಂದೇ ಒಂದು ಸೆನ್ಸರ್ ಹಾಕಿ, ಕರಗಿದ ಆಮ್ಲಜನಕ ಅಳೆಯೋದು. ಅದನ್ನ ಬ್ಲೋವರಿಗೆ ಜೋಡಿಸಿದರೆ ಆಮ್ಲಜನಕ ಸಾಕಷ್ಟಿದ್ದಾಗ ಬ್ಲೋವರ್ ನಿಧಾನ ಆಗ್ತದೆ, ಕಡಿಮೆಯಾದಾಗ ಜೋರಾಗ್ತದೆ. ಕರೆಂಟೂ ಉಳೀತು, ಜೀವವೂ ಉಳೀತು. ಸೆನ್ಸರ್ ತುದಿಯನ್ನ ವಾರಕ್ಕೊಮ್ಮೆಯಾದರೂ ಒರೆಸಬೇಕು, ಇಲ್ಲದಿದ್ದರೆ ಲೋಳೆ ಕಟ್ಟಿ ಸುಳ್ಳು ಹೇಳ್ತದೆ. ಒರೆಸೋ ಮನುಷ್ಯನ ಸಂಬಳವನ್ನೂ ಬಜೆಟ್‌ನಲ್ಲಿ ಬರೀರಿ.

ಈಗ ನಾನು ಹೇಳಬೇಕು ಅಂತ ಬಂದ ಮಾತು. ನಿಮ್ಮ ಮೊದಲ ದುಡ್ಡು ಮೀಟರಿಗೂ ಬೇಡ, ಎಸ್‌ಟಿಪಿ ಮಾನಿಟರಿಗೂ ಬೇಡ. ಕೈಯಲ್ಲಿ ಹಿಡಿಯೋ ಗ್ಯಾಸ್ ಡಿಟೆಕ್ಟರ್ ತಗೊಳ್ಳಿ, ನಾಲ್ಕು ಗ್ಯಾಸ್ ತೋರಿಸೋದು. ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್, ಹತ್ತಿ ಉರಿಯೋ ಗ್ಯಾಸ್, ಆಮೇಲೆ ಆಮ್ಲಜನಕ. ಕೊಟೇಶನ್ ಮೊತ್ತದ ಮುಂದೆ ಅದರ ಬೆಲೆ ಏನೂ ಅಲ್ಲ. ಈ ಬೆಂಗಳೂರಿನಲ್ಲೇ ಅಪಾರ್ಟ್‌ಮೆಂಟ್ ಎಸ್‌ಟಿಪಿಗೆ ಇಳಿದು ಪ್ರಾಣ ಬಿಟ್ಟವರಿದ್ದಾರೆ. ಹೈಡ್ರೋಜನ್ ಸಲ್ಫೈಡ್ ಕಡಿಮೆ ಇದ್ದಾಗ ಕೊಳೆತ ಮೊಟ್ಟೆ ವಾಸನೆ ಹೊಡೀತದೆ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ದಾಟಿದರೆ ಮೂಗು ಕೆಲಸ ನಿಲ್ಲಿಸ್ತದೆ, ವಾಸನೆಯೇ ಬರಲ್ಲ. ಒಳಗಿರೋನು ಅಪಾಯ ಹೋಯ್ತು ಅಂದ್ಕೊಳ್ತಾನೆ. ಒಬ್ಬ ಬಿದ್ದ ಅಂತ ಎತ್ತೋಕೆ ಇನ್ನೊಬ್ಬ ಇಳೀತಾನೆ, ಅವನೂ ಮೇಲೆ ಬರಲ್ಲ. ಅದಕ್ಕೇ ಇಂಥ ಸುದ್ದಿಗಳಲ್ಲಿ ಸಾವು ಒಂದಕ್ಕೇ ನಿಲ್ಲೋದು ಅಪರೂಪ.

2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ಪ್ರಕಾರ ರಕ್ಷಣೆ ಇಲ್ಲದೆ ಮನುಷ್ಯನನ್ನ ಇಂಥ ಗುಂಡಿಗೆ ಇಳಿಸೋದು ಅಪರಾಧ. ಮೊದಲ ಸಲಕ್ಕೇ 2 ವರ್ಷದವರೆಗೆ ಜೈಲು ಇದೆ. ಒಳಚರಂಡಿ ಸಾವಿಗೆ 30 ಲಕ್ಷ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕಾನೂನಿಗೆ ಹೆದರಿ ಮಾಡಿ ಅಂತ ನಾನು ಹೇಳ್ತಿಲ್ಲ. ನನ್ನ ಕೈಕೆಳಗೆ ಕೆಲಸ ಮಾಡೋ ಹುಡುಗರಿಗೆ ಇಪ್ಪತ್ತು ಇಪ್ಪತ್ತೈದು ವಯಸ್ಸು. ಕೆಲವರು ಒಡಿಶಾದಿಂದ, ಕೆಲವರು ರಾಯಚೂರು ಕಡೆಯಿಂದ ಬಂದವರು. ಪಂಪಿಗೆ ಬಟ್ಟೆ ಸಿಕ್ಕಿಕೊಂಡಿದೆ, ಇಳಿದು ತೆಗೆದುಬಿಡು ಅಂತ ಯಾರಾದರೂ ಹಿರಿಯರು ಹೇಳಿದರೆ ಅವರು ಇಲ್ಲ ಅನ್ನಲ್ಲ, ಇಳಿದುಬಿಡ್ತಾರೆ. ಸ್ಯಾನಿಟರಿ ಪ್ಯಾಡು, ಒರೆಸೋ ಬಟ್ಟೆ ಕಮೋಡಿಗೆ ಹಾಕೋರು ಮೇಲೆ ಎಂಟನೇ ಮಹಡಿಯಲ್ಲಿರ್ತಾರೆ, ತೆಗೆಯೋನು ಕೆಳಗೆ. ಮೊದಲ ಟ್ಯಾಂಕಿಗೇ ಜಾಲರಿ ಹಾಕಿಸಿ, ಪಂಪನ್ನ ಸರಪಳಿ ಕಟ್ಟಿ ಮೇಲೆತ್ತೋ ಹಾಗೆ ಮಾಡಿಸಿ. ಆಗ ಯಾರೂ ಇಳೀಬೇಕಾಗಿಲ್ಲ.

ಇನ್ನೊಂದು ಕಾರಣಕ್ಕೂ ಈ ನೀರು ನನಗೆ ಮುಖ್ಯ. ನಮ್ಮ ಕೋಲಾರಕ್ಕೆ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬರೋದು ಬೆಂಗಳೂರಿನವರು ಬಳಸಿ ಬಿಟ್ಟ ನೀರೇ. 2018ರಲ್ಲಿ ಲಕ್ಷ್ಮೀಸಾಗರ ಕೆರೆ ಮೊದಲು ತುಂಬಿದಾಗ ಜನ ಪೂಜೆ ಮಾಡಿದರು, ಸ್ವಲ್ಪ ದಿನದಲ್ಲೇ ನೊರೆ ಎದ್ದು ವಿಷಯ ಹೈಕೋರ್ಟ್‌ಗೆ ಹೋಯ್ತು. ಕೆರೆ ತುಂಬಿದ್ದು ನಿಜ, ಸುತ್ತಲ ಬೋರುಗಳಲ್ಲಿ ನೀರು ಮೇಲೆ ಬಂದಿದ್ದೂ ನಿಜ. ಆದರೆ ಇಲ್ಲಿ ಎಷ್ಟು ಶುದ್ಧ ಮಾಡಿ ಬಿಡ್ತಾರೋ ಅಲ್ಲಿ ಅಷ್ಟೇ ಸಿಗೋದು. ಊರಲ್ಲಿ ನಮ್ಮಪ್ಪ ಆ ಕೆರೆ ಅಂಚಲ್ಲಿ ದನ ಕಟ್ತಾರೆ. ಬೆಂಗಳೂರಲ್ಲಿ ಒಂದೊಂದು ಎಸ್‌ಟಿಪಿ ನೋಡುವಾಗಲೂ ನನಗೆ ಅದೇ ಕಣ್ಣಮುಂದೆ ಇರ್ತದೆ.

ಇಂಗುಬಾವಿ_ಅಭಿಮಾನಿ:

ಎಸ್‌ಟಿಪಿ ಸರ್ ಹೇಳಿದ್ದಕ್ಕೆ ಕೈ ಮುಗಿದೆ. ನಾನು ಮಳೆ ನೀರಿನ ಬಗ್ಗೆ ಮಾತ್ರ ಸೇರಿಸ್ತೀನಿ.

ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಮಳೆ. ನಿಮ್ಮ ಟೆರೇಸ್ 1,000 ಚದರ ಮೀಟರ್ ಇದ್ದರೆ ಅದರ ಮೇಲೆ ಬೀಳೋದೇ 9.7 ಲಕ್ಷ ಲೀಟರ್. ಆವಿ, ಮೊದಲ ಕೊಳೆ ನೀರು ಕಳೆದರೂ 8 ಲಕ್ಷ ಹಿಡೀಬಹುದು. 65 ಟ್ಯಾಂಕರ್‌ಗಿಂತ ಹೆಚ್ಚಾಯಿತು. 2009ರಿಂದ ಇಲ್ಲಿ ದೊಡ್ಡ ಕಟ್ಟಡಗಳಿಗೆ ಮಳೆನೀರು ಕೊಯ್ಲು ಕಡ್ಡಾಯ, ಆದರೆ ಅದೆಷ್ಟು ಕಡೆ ಆ ಪೈಪು ನೇರ ಚರಂಡಿಗೇ ಹೋಗ್ತಿದೆಯೋ. ನಿಮ್ಮಲ್ಲಿ ಎಲ್ಲಿಗೆ ಹೋಗುತ್ತೆ ಅಂತ ಒಂದು ಮಳೆಯಲ್ಲಿ ಛತ್ರಿ ಹಿಡಿದು ಹೋಗಿ ನೋಡಿ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯವರ ಮಳೆನೀರು ಕೊಯ್ಲು ಪಾರ್ಕ್ ಇದೆ, ಕಮಿಟಿಯವರನ್ನ ಅಲ್ಲಿಗೆ ಕರ್ಕೊಂಡು ಹೋದರೆ ಅರ್ಧ ವಾದ ಅಲ್ಲೇ ಮುಗಿಯುತ್ತೆ. ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ ಅವರ ಮನೆ ಜಲಮಂಡಳಿ ನೀರಿನ ಸಂಪರ್ಕವೇ ಇಲ್ಲದೆ 20 ವರ್ಷಕ್ಕೂ ಹೆಚ್ಚು ಕಾಲ ಮಳೆ ನೀರಲ್ಲೇ ನಡೆದಿದೆ. ಅದು ಒಂದು ಕುಟುಂಬದ ಮನೆ, ನಿಮ್ಮದು 300 ಜನ, ಪೂರ್ತಿ ಸಾಲದು. ಆದರೂ ಈ ನೀರನ್ನ ಬಿಡೋಕೆ ಯಾವ ಕಾರಣವೂ ಇಲ್ಲ.

ವಠಾರದ ಬೋರಿನ ವಿಷಯಕ್ಕೆ ಬರ್ತೀನಿ. ಬೆಂಗಳೂರಿನ ಕೆಳಗೆ ಗಟ್ಟಿ ಬಂಡೆ. ಮೇಲಿನ ಸವೆದ ಪದರದಲ್ಲಿ ಮಳೆ ನೀರು ನಿಲ್ಲುತ್ತೆ, ಹಳೇ ತೆರೆದ ಬಾವಿಗಳಿಗೆ ಸಿಗ್ತಿದ್ದದ್ದು ಅದೇ. ಕೆಳಗಿನ ಬಂಡೆಯ ಬಿರುಕುಗಳಲ್ಲಿ ಇರೋದು ನಿಮ್ಮ ಆಳದ ಬೋರಿಗೆ ಸಿಗೋ ನೀರು. ಎರಡೂ ಕಡೆ ಸಂಬಂಧ ಇದ್ದರೆ ನೀವು ಕೆಳಗೆ ಎಳೆದಷ್ಟೂ ಮೇಲಿನವರಿಗೆ ಇಳಿಯುತ್ತೆ. ಇದನ್ನ ಊಹೆ ಮಾಡೋದು ಬೇಡ, ಅಳೀಬಹುದು. ನಿಮ್ಮ ಬೋರಿಗೂ, ಒಪ್ಪಿದರೆ ಅವರ ಬೋರಿಗೂ ನೀರಿನ ಮಟ್ಟ ತೋರಿಸೋ ಸೆನ್ಸರ್ ಇಳಿಬಿಡಿ. ನಿಮ್ಮ ಮೋಟರ್ ಓಡಿದ ಗಂಟೆಗೂ ಅವರ ಮಟ್ಟ ಇಳಿದ ಗಂಟೆಗೂ ತಾಳೆ ಬಿದ್ದರೆ ಮೀಟಿಂಗಿನಲ್ಲಿ ಯಾರೂ ತಳ್ಳಿಹಾಕೋಕಾಗಲ್ಲ.

ಟೆರೇಸಿನ ನೀರು ಸಂಪಿಗೆ ಹಿಡಿದು ಉಳಿದದ್ದನ್ನೂ, ಅಂಗಳದ ಮೇಲೆ ಹರಿಯೋದನ್ನೂ ಇಂಗುಬಾವಿಗೆ ಬಿಡಿ. ಮೂರಡಿ ಅಗಲ, ಇಪ್ಪತ್ತು ಮೂವತ್ತು ಅಡಿ ಆಳ, ಸಿಮೆಂಟ್ ರಿಂಗ್. ತೋಡೋಕೆ ಮಣ್ಣು ಒಡ್ಡರನ್ನೇ ಕರೆಸಿ. ತಲೆತಲಾಂತರದಿಂದ ಈ ನೆಲ ತೋಡಿದವರು, ಎಲ್ಲಿ ಮಣ್ಣು ಬದಲಾಗುತ್ತೆ, ಎಲ್ಲಿ ನೀರು ಕುಡಿಯುತ್ತೆ ಅಂತ ಹಾರೆ ಏಟಿನ ಸದ್ದಲ್ಲೇ ಹೇಳ್ತಾರೆ. ಕಬ್ಬನ್ ಪಾರ್ಕಿನ ಹಳೇ ಬಾವಿಗಳಿಗೆ ಮತ್ತೆ ಜೀವ ಕೊಟ್ಟವರು ಅವರೇ.

ಹಿಂದಿನ_ಬೀದಿಯವನು:

ಅಕ್ಕ, ನಾನು ನಿಮ್ಮ ವಠಾರದವನಲ್ಲ, ಆದರೆ ಅಂಥದ್ದೇ ಒಂದು ವಠಾರದಲ್ಲಿ ಹುಟ್ಟಿ ಬೆಳೆದೋನು. ಅಮ್ಮ ಮನೆಕೆಲಸಕ್ಕೆ ಹೋಗ್ತಾರೆ, ನಾನು ಡೆಲಿವರಿ ಮಾಡ್ತೀನಿ. ನೀವು ನಮ್ಮ ಬಗ್ಗೆ ಬರೆದಿದ್ದಕ್ಕೆ ಖುಷಿ ಆಯ್ತು, ಅದಕ್ಕೇ ಬರೀತಿದ್ದೀನಿ.

2024ರಲ್ಲಿ ನಮ್ಮ ಕಡೆ ಕುಡಿಯೋ ನೀರಿನ ಘಟಕದ ಮುಂದೆ ಬೆಳಗಿನ ಜಾವಕ್ಕೇ ಕ್ಯಾನ್ ಇಟ್ಟು ಸಾಲು ಹಿಡೀತಿದ್ವಿ. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್. ಒಬ್ಬರಿಗೆ ಒಂದೇ ಕ್ಯಾನ್ ಅಂತ ಬೋರ್ಡ್ ಹಾಕಿದರು. ಮೆಷಿನ್ ಕೆಟ್ಟಿದೆಯೋ, ನೀರಿದೆಯೋ ಅಂತ ಹೋಗಿ ನೋಡಿದರೇ ಗೊತ್ತಾಗೋದು. ಅಮ್ಮ ಕೆಲಸಕ್ಕೆ ತಡವಾಗಿ ಹೋದರೆ ಅಲ್ಲಿ ಮಾತು ಕೇಳಬೇಕು. ನೀರು ಕಡಿಮೆಯಾದಾಗ ನಿಮಗೆ ಖರ್ಚಾಗೋದು ದುಡ್ಡು ಅಕ್ಕ, ನಮಗೆ ಹೊತ್ತು ಮತ್ತು ಸಂಬಳ.

ಆ ಮಟ್ಟದ ಸೆನ್ಸರ್ ಹಾಕಿಸಿದರೆ ಅದರ ಲೆಕ್ಕ ನಿಮ್ಮ ಆ್ಯಪ್ ಒಳಗೇ ಇಡಬೇಡಿ. ವಠಾರದಲ್ಲಿ ಎಲ್ಲರ ಹತ್ರ ಸ್ಮಾರ್ಟ್‌ಫೋನ್ ಇರಲ್ಲ, ಇದ್ದರೂ ಮನೆಗೆ ಒಂದು, ಅದು ಕೆಲಸಕ್ಕೆ ಹೋದೋರ ಜೇಬಲ್ಲಿ. ಕಾಂಪೌಂಡ್ ಹೊರಗೆ ಒಂದು ಕರಿಹಲಗೆ ಹಾಕಿ, ಇವತ್ತು ನೀರು ಎಷ್ಟು ಅಡಿಯಲ್ಲಿದೆ, ನಮ್ಮ ಮೋಟರ್ ಎಷ್ಟರಿಂದ ಎಷ್ಟು ಗಂಟೆವರೆಗೆ ಓಡುತ್ತೆ ಅಂತ ಕನ್ನಡದಲ್ಲಿ ಬರೆಸಿ. ಬೆಳಿಗ್ಗೆ ಐದರಿಂದ ಎಂಟು ನಿಮ್ಮ ಮೋಟರ್ ಆಫ್ ಇದ್ದರೆ ಸಾಕು. ಹೆಂಗಸರು ನೀರು ಹಿಡಿದು, ಮಕ್ಕಳಿಗೆ ಸ್ನಾನ ಮಾಡಿಸಿ, ನಿಮ್ಮ ಮನೆಗೆ ಹೊತ್ತಿಗೆ ಸರಿಯಾಗಿ ಬರ್ತಾರೆ. ನೀರಿನ ಮಟ್ಟ ಇಂತಿಷ್ಟು ಅಡಿಗಿಂತ ಕೆಳಗೆ ಹೋದರೆ ಮೋಟರ್ ತಾನಾಗಿ ನಿಲ್ಲೋ ಹಾಗೆ ಮಾಡಬಹುದಂತಲ್ಲ, ಆ ಅಡಿ ಎಷ್ಟು ಅಂತ ತೀರ್ಮಾನ ಮಾಡೋವಾಗ ವಠಾರದಿಂದ ಒಬ್ಬರನ್ನ ಕರೀರಿ. ನಿಮ್ಮ ಮನೆಗೆ ಬರೋ ಆ ಅಕ್ಕನನ್ನೇ ಕರೀರಿ, ವಿಷಯ ಮೊದಲು ಹೇಳಿದ್ದು ಅವರೇ ತಾನೆ.

ಹೊರಮಾವು_ಖಜಾಂಚಿ:

ಎಲ್ಲರಿಗೂ ಮನಸಾರೆ ವಂದನೆ. ಇವತ್ತು ಬೆಳಿಗ್ಗೆ ನಾನೇ ಬೇಸ್‌ಮೆಂಟಿಗೆ ಹೋಗಿ ಆಪರೇಟರ್ ಹುಡುಗನನ್ನ ಕೇಳಿದೆ. ಹೌದು, ರಾತ್ರಿ ಹನ್ನೊಂದರಿಂದ ಬೆಳಿಗ್ಗೆ ಐದರವರೆಗೆ ಬ್ಲೋವರ್ ಬಂದ್. ಕರೆಂಟ್ ಬಿಲ್ ಇಳಿಸಿ ಅಂತ ಕಮಿಟಿ ಕಡೆಯಿಂದಲೇ ಹೇಳಿದ್ದಂತೆ. ಕಳೆದ ವರ್ಷ ಪಂಪ್ ಕಟ್ಟಿಕೊಂಡಾಗ ಏನು ಮಾಡಿದೆ ಅಂದೆ. "ಇಳಿದು ತೆಗೆದೆ ಮೇಡಂ" ಅಂದ. ಅವನ ಮುಖ ನೋಡೋಕಾಗಲಿಲ್ಲ. ಭಾನುವಾರದವರೆಗೆ ಕಾಯದೆ ಇವತ್ತೇ ಎರಡು ನೋಟಿಸ್ ಹಾಕಿದ್ದೀನಿ: ಬ್ಲೋವರ್ 24 ಗಂಟೆ ಓಡಬೇಕು, ಯಾವ ಕಾರಣಕ್ಕೂ ಯಾರೂ ಟ್ಯಾಂಕಿಗೆ ಇಳೀಬಾರದು.

ಮೀಟಿಂಗಿಗೆ ನಾನು ಇಡುವ ಕ್ರಮ ಹೀಗಿರುತ್ತೆ. ಗ್ಯಾಸ್ ಡಿಟೆಕ್ಟರ್, ಜಾಲರಿ, ಪಂಪಿನ ಸರಪಳಿ ಮೊದಲು. ಜೊತೆಗೆ ಆಮ್ಲಜನಕದ ಸೆನ್ಸರ್, ಸಂಪಿನ ದೊಡ್ಡ ಮೀಟರ್‌ಗಳು, ಬೋರಿನ ಮಟ್ಟದ ಸೆನ್ಸರ್, ಹೊರಗೆ ಕರಿಹಲಗೆ. ಮಳೆಗಾಲಕ್ಕೆ ಮುಂಚೆ ಇಂಗುಬಾವಿ. ಮನೆವಾರು ಮೀಟರ್ ಮುಂದಿನ ವರ್ಷ, ಅಲ್ಲಿವರೆಗೆ ತಲೆ ಲೆಕ್ಕ. ವಠಾರದಿಂದ ಇಬ್ಬರು ಮೀಟಿಂಗಿಗೆ ಬರ್ತಾರೆ, ಆಕ್ಷೇಪ ಬಂದರೆ ನಾನು ಉತ್ತರ ಕೊಡ್ತೀನಿ.

ಎಸ್‌ಟಿಪಿ ಸರ್, ಯಾರೂ ಇಳಿಯೋದೇ ಇಲ್ಲ ಅಂದಮೇಲೆ ಡಿಟೆಕ್ಟರ್ ಯಾಕೆ ಅಂತ ಕಮಿಟಿಯಲ್ಲಿ ಕೇಳೇ ಕೇಳ್ತಾರೆ. ಏನು ಹೇಳಲಿ? ಅದನ್ನ ಇಟ್ಟುಕೊಳ್ಳೋದು ಹೇಗೆ?

ಕೋಲಾರದ_ಎಸ್‌ಟಿಪಿ_ಮೇಲ್ವಿಚಾರಕ:

ಮೇಡಂ, ನೋಟಿಸ್ ಹಾಕಿದ್ದಕ್ಕೆ ನಮ್ಮ ಹುಡುಗರ ಪರವಾಗಿ ನಮಸ್ಕಾರ.

ಟ್ಯಾಂಕ್ ನೆಲದ ಕೆಳಗಿದ್ದರೂ ಗ್ಯಾಸ್ ಬೇಸ್‌ಮೆಂಟಿಗೆ ಬರ್ತದೆ. ಮುಚ್ಚಳ ತೆಗೆದು ಬಗ್ಗಿದವನಿಗೇ ತಲೆ ತಿರುಗಿರೋದು ನಾನು ನೋಡಿದ್ದೀನಿ. ಹಾಗಾಗಿ ಡಿಟೆಕ್ಟರ್ ಮೇಲೆ ನಿಂತು ಕೆಲಸ ಮಾಡೋನಿಗೂ ಬೇಕು. ಎಸ್‌ಟಿಪಿ ರೂಮಿಗೆ ಹೋಗುವಾಗ ಎದೆಗೆ ಸಿಕ್ಕಿಸಿಕೊಂಡೇ ಹೋಗಲಿ. ಮುಚ್ಚಳ ತೆಗೆಯುವಾಗ ಮೊದಲು ಸ್ವಲ್ಪವೇ ಸರಿಸಿ, ಡಿಟೆಕ್ಟರನ್ನ ಹಗ್ಗ ಕಟ್ಟಿ ಇಳಿಬಿಟ್ಟು ನೋಡಲಿ. ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಮೇಲೆ ಹೋದರೆ, ಅಥವಾ ಆಮ್ಲಜನಕ ಶೇಕಡಾ 19.5ಕ್ಕಿಂತ ಇಳಿದರೆ ಎಲ್ಲರೂ ಹೊರಗೆ, ಎಕ್ಸಾಸ್ಟ್ ಫ್ಯಾನ್ ಆನ್. ಬೆಂಕಿಕಡ್ಡಿ ಗೀರಿ ಗ್ಯಾಸ್ ಇದೆಯಾ ನೋಡೋ ಅಭ್ಯಾಸ ಕೆಲವರಿಗಿದೆ, ಹಾಗೆ ಮಾಡೋಕೆ ಯಾರನ್ನೂ ಖಂಡಿತ ಬಿಡಬೇಡಿ, ಮೀಥೇನ್ ಹತ್ತಿಕೊಳ್ತದೆ.

ಒಳಗಿನ ಸೆನ್ಸರ್ ಎರಡು ಮೂರು ವರ್ಷಕ್ಕೆ ಸವೀತದೆ. ಆರು ತಿಂಗಳಿಗೊಮ್ಮೆ ಕ್ಯಾಲಿಬ್ರೇಶನ್ (ಅಳತೆ ಸರಿಯಿದೆಯಾ ನೋಡಿ ಸರಿಪಡಿಸೋದು) ಮಾಡಿಸ್ತೀವಿ ಅಂತ ಮಾರೋರ ಹತ್ರ ಬರೆಸಿಕೊಳ್ಳಿ, ಸರ್ಟಿಫಿಕೇಟ್ ಕೇಳಿ. ಪರೀಕ್ಷೆ ಮಾಡೋ ಗ್ಯಾಸಿನ ಸಣ್ಣ ಸಿಲಿಂಡರನ್ನೂ ಜೊತೆಗೇ ತಗೊಳ್ಳಿ, ಬಳಸೋ ಮುಂಚೆ ಒಂದು ಸಲ ಊದಿ ಅಲಾರಂ ಹೊಡೀತದಾ ನೋಡ್ಕೊಳ್ಳೋಕೆ. ಕಮಿಟಿ ರೂಮಲ್ಲಿ ಬೀಗ ಹಾಕಿ ಇಡಬೇಡಿ. ಸೆಕ್ಯುರಿಟಿ ಕ್ಯಾಬಿನ್‌ನಲ್ಲಿ ಚಾರ್ಜಿಗೆ ಹಾಕಿರಲಿ, ರಾತ್ರಿ ಎರಡು ಗಂಟೆಗೆ ಪಂಪ್ ಕೆಟ್ಟರೂ ಆ ಹುಡುಗನ ಕೈಗೆ ಸಿಗಬೇಕು. ಆಪರೇಟ್ ಮಾಡೋದು ಅವನಿಗೆ ಅವನ ಭಾಷೆಯಲ್ಲೇ ಹೇಳಿಕೊಡಬೇಕು. ಬೇಕಿದ್ದರೆ ಹೇಳಿ, ಒಡಿಯಾ ಮಾತಾಡೋ ಹುಡುಗ ನಮ್ಮಲ್ಲಿದ್ದಾನೆ, ಶನಿವಾರ ಕರ್ಕೊಂಡು ಬರ್ತೀನಿ.